ಎಸ್‌ಡಿಯಿಂದ ಎಚ್‌ಡಿಗೆ ಸ್ಥಳೀಯ ಚಾನೆಲ್: ಹಳೇ ಕೇಬಲ್ ಉಳಿಸ್ಕೋಬಹುದಾ? ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪರದೆಹಿಂದೆ:
ಎಲ್ಲರಿಗೂ ನಮಸ್ಕಾರ. ಒಂದು ಸ್ಥಳೀಯ ಚಾನೆಲ್‌ನ ಸ್ಟುಡಿಯೋ, ಪಿಸಿಆರ್ (ಕಾರ್ಯಕ್ರಮ ನಿಯಂತ್ರಣ ಕೋಣೆ), ಎಂಸಿಆರ್ (ಪ್ರಸಾರ ಹೊರಗೆ ಹೋಗೋ ಮಾಸ್ಟರ್ ಕಂಟ್ರೋಲ್ ಕೋಣೆ) ಮೂರನ್ನೂ ಎಚ್‌ಡಿಗೆ ತರೋ ಯೋಜನೆ ಇದೆ. ಈಗ ಇರೋದು 576 ಐ ಎಸ್‌ಡಿಐ (ಕೋಆಕ್ಸ್ ಕೇಬಲ್‌ನಲ್ಲಿ ಹೋಗೋ ಡಿಜಿಟಲ್ ವಿಡಿಯೋ) ಸ್ವಿಚರ್, 32×32 ರೂಟರ್ (32 ಸಿಗ್ನಲ್‌ನ 32 ಕಡೆಗೆ ಹಂಚೋ ಪೆಟ್ಟಿಗೆ), ಟ್ರಯಾಕ್ಸ್ (ಹಳೇ ಕ್ಯಾಮೆರಾ ಕೇಬಲ್) ಮೇಲೆ 4 ಕ್ಯಾಮೆರಾ, ಡಿವಿ 25ರಲ್ಲಿ (25 ಮೆಗಾಬಿಟ್‌ನ ಎಸ್‌ಡಿ ಫಾರ್ಮ್ಯಾಟ್) ಎಡಿಟಿಂಗ್, ಅನಲಾಗ್ ಆಡಿಯೋ ಮಿಕ್ಸರ್. ಕ್ಯಾಮೆರಾ, ಸ್ವಿಚರ್, ಪ್ಲೇಔಟ್ ಸರ್ವರ್ ಹೊಸದು ಬರುತ್ತೆ. ತಲೆನೋವು ಇರೋದು ಉಳಿದದ್ದರದ್ದು.

ನೆಲದಡಿ, ಗೋಡೆಯೊಳಗೆ ಎಳೆದಿರೋ ವಿಡಿಯೋ ಕೇಬಲ್‌ಗಳು 270 ಮೆಗಾಬಿಟ್ ಎಸ್‌ಡಿಐನ ಆರಾಮಾಗಿ ಒಯ್ಯುತ್ತಿವೆ. ಅವನ್ನೇ ಇಟ್ಕೊಂಡ್ರೆ ಏನಾಗುತ್ತೆ? ಸಿಂಕ್ ಜನರೇಟರ್ (ಎಲ್ಲಾ ಸಾಧನಕ್ಕೂ ಒಂದೇ ತಾಳ ಕೊಡೋದು) ಬರೀ ಬ್ಲ್ಯಾಕ್ ಬರ್ಸ್ಟ್ (ಎಸ್‌ಡಿ ಕಾಲದ ಸಿಂಕ್ ಸಿಗ್ನಲ್) ಕೊಡೋದು, ಬದಲಿಸ್ಲೇಬೇಕಾ? 1080 ಐ 50 (ಇಂಟರ್‌ಲೇಸ್ಡ್: ಸೆಕೆಂಡಿಗೆ 50 ಫೀಲ್ಡ್, ಅಂದ್ರೆ ಒಂದು ಬಿಟ್ಟು ಒಂದು ಸಾಲಿನ ಅರ್ಧ ಚಿತ್ರ) ತಗೊಳ್ಳೋದಾ, 720 ಪಿ 50 (ಸೆಕೆಂಡಿಗೆ 50 ಪೂರ್ತಿ ಚಿತ್ರ) ತಗೊಳ್ಳೋದಾ? ಪ್ರಸಾರ ಒಂದು ನಿಮಿಷವೂ ನಿಲ್ಲೋ ಹಾಗಿಲ್ಲ, ಅದನ್ನ ತಲೇಲಿ ಇಟ್ಕೊಂಡು ಹೇಳಿ.

ರ‍್ಯಾಕ್‌ರೂಮ್:
ಕೇಬಲ್‌ನಿಂದಲೇ ಶುರು ಮಾಡಿ ಸರ್. ಎಚ್‌ಡಿಗೆ ಹೋಗುವವರು ಕ್ಯಾಮೆರಾ ಪಟ್ಟಿ ಹಿಡ್ಕೊಂಡು ಕೂರ್ತಾರೆ, ಆಮೇಲೆ ಕೈ ಕೊಡೋದು ಗೋಡೆಯೊಳಗಿನದ್ದು.

ಎಸ್‌ಡಿ 270 ಮೆಗಾಬಿಟ್, ಎಚ್‌ಡಿ 1.485 ಗಿಗಾಬಿಟ್, 1080 ಪಿ 50 ಆದರೆ 2.97 ಗಿಗಾಬಿಟ್. ಲೆಕ್ಕ ಹಾಕೋದು ಇದರ ಅರ್ಧ ಆವರ್ತನದಲ್ಲಿ. ಎಸ್‌ಡಿಗೆ 135 ಮೆಗಾಹರ್ಟ್ಸ್‌ನಲ್ಲಿ ಎಷ್ಟು ಡಿಬಿ ನಷ್ಟ ಅಂತ ನೋಡಿದ್ರೆ ಸಾಕಿತ್ತು, ಎಚ್‌ಡಿಗೆ 742.5 ಮೆಗಾಹರ್ಟ್ಸ್‌ನಲ್ಲಿ ನೋಡಬೇಕು. ಅಲ್ಲಿ ನಷ್ಟ 20 ಡಿಬಿ ದಾಟದ ಹಾಗೆ ಉದ್ದ ಇಟ್ಕೊಳ್ಳೋದು ರೂಢಿ. ಒಳ್ಳೇ ಆರ್‌ಜಿ-6 ದರ್ಜೆಯ ಡಿಜಿಟಲ್ ವಿಡಿಯೋ ಕೇಬಲ್ ಆದರೆ ಎಚ್‌ಡಿ ಸುಮಾರು 100 ಮೀಟರ್, 3 ಜಿ (ಆ 2.97 ಗಿಗಾಬಿಟ್‌ದು) ಸುಮಾರು 70 ಮೀಟರ್. ಹಳೇ ಅನಲಾಗ್ ಕಾಲದ ಕೇಬಲ್, ತೆಳು ಮಿನಿ ಕೋಆಕ್ಸ್‌ಗೆ ಈ ಲೆಕ್ಕ ತುಂಬಾ ಕೆಳಗೆ ಇಳಿಯುತ್ತೆ.

ಇನ್ನೊಂದು, ಇದು ಅನಲಾಗ್ ಥರ ನಿಧಾನಕ್ಕೆ ಮಸುಕಾಗಲ್ಲ. ಒಂದು ಉದ್ದದವರೆಗೆ ಚಿತ್ರ ಕನ್ನಡಿ ಥರ ಇರುತ್ತೆ, ಅದರಾಚೆ ಕೆಲವೇ ಮೀಟರ್‌ಗೆ ಬಿಳಿ ಚುಕ್ಕಿ ಮಿಂಚುತ್ತೆ, ಮತ್ತೆ ಸ್ವಲ್ಪ ದೂರಕ್ಕೆ ಚಿತ್ರವೇ ಹೋಗುತ್ತೆ. ಹಾಗಾಗಿ 'ಚಿತ್ರ ಬರ್ತಿದೆ, ಕೇಬಲ್ ಚೆನ್ನಾಗಿದೆ' ಅಂತ ತೀರ್ಮಾನ ಮಾಡೋಕೆ ಹೋಗ್ಬೇಡಿ. ಅಂಚಿನಲ್ಲಿ ನಿಂತಿರೋ ಕೇಬಲ್‌ಗೂ ಗಟ್ಟಿ ಕೇಬಲ್‌ಗೂ ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ.

ಮೂರನೇಕ್ಯಾಮೆರಾ:
ಎಲ್ಲಾ ಕಿತ್ತು ಹಾಕೋದು ಅತಿಯಾಯ್ತು ಅನ್ಸುತ್ತೆ. ರ‍್ಯಾಕ್‌ನಿಂದ ರ‍್ಯಾಕ್‌ಗೆ ಹೋಗೋ 5-10 ಮೀಟರ್ ತುಂಡುಗಳಿಗೆ ಏನಾಗುತ್ತೆ? ಹಳೇ ಕೇಬಲ್ ಆದ್ರೂ ಎಚ್‌ಡಿ ಓಡುತ್ತೆ.

ರ‍್ಯಾಕ್‌ರೂಮ್:
ಓಡುತ್ತೆ, ಒಪ್ತೀನಿ. ಆದರೆ ಅಲ್ಲಿ ತೊಂದರೆ ಕೊಡೋದು ಕೇಬಲ್ ಅಲ್ಲ, ಅದರ ತುದಿಯ ಬಿಎನ್‌ಸಿ ಕನೆಕ್ಟರ್. ಒಂದನ್ನ ಬಿಚ್ಚಿ ಬೆಳಕಿಗೆ ಹಿಡಿದು ಬಾಯೊಳಗೆ ನೋಡಿ. ಮಧ್ಯದ ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಬಳೆ ಮುಂದಿನವರೆಗೂ ಬಂದಿದ್ರೆ ಅದು ಸಾಮಾನ್ಯವಾಗಿ 50 ಓಮ್‌ದು. 75 ಓಮ್‌ದರಲ್ಲಿ ಪಿನ್ ಸುತ್ತ ಹೆಚ್ಚಾಗಿ ಖಾಲಿ ಜಾಗ. ಎಸ್‌ಡಿಯಲ್ಲಿ 50 ಓಮ್ ಹಾಕಿದ್ರೂ ಯಾರಿಗೂ ಗೊತ್ತಾಗ್ತಿರಲಿಲ್ಲ. ಎಚ್‌ಡಿಯಲ್ಲಿ ಅಲ್ಲಿಂದ ಸಿಗ್ನಲ್ ಪ್ರತಿಫಲನ ಆಗಿ ವಾಪಸ್ ಬರುತ್ತೆ. ಒಂದು ಕನೆಕ್ಟರ್ ಆದ್ರೆ ತಡ್ಕೊಳ್ಳುತ್ತೆ, ಪ್ಯಾಚ್ ಪ್ಯಾನಲ್, ಬ್ಯಾರಲ್ (ಎರಡು ಕೇಬಲ್ ಜೋಡಿಸೋ ತುಂಡು), ಡಿಎ (ಸಿಗ್ನಲ್ ಹಂಚೋ ಆಂಪ್ಲಿಫೈಯರ್) ಅಂತ ಒಂದೇ ದಾರೀಲಿ 5-6 ಸೇರಿದ್ರೆ ಇಲ್ಲ.

ಕ್ರಿಂಪ್ ಮಾಡುವಾಗ ಹೆಣೆದ ತಂತಿಯ ಒಂದೇ ಒಂದು ಎಳೆ ಒಳಗಿನ ವಾಹಕಕ್ಕೆ ತಾಗಿದ್ರೂ ಮುಗೀತು. ಸ್ಟ್ರಿಪ್ಪರ್ ಬ್ಲೇಡನ್ನ ಅದೇ ಕನೆಕ್ಟರ್‌ನ ಅಳತೆಗೆ ಸೆಟ್ ಮಾಡಿ, ಕ್ರಿಂಪ್ ಡೈ ಕೂಡ ಅದರದ್ದೇ ಇರಲಿ. ಬಾಗಿನ ತ್ರಿಜ್ಯ ಕೇಬಲ್ ವ್ಯಾಸದ 10 ಪಟ್ಟಿಗಿಂತ ಕಡಿಮೆ ಆಗಬಾರದು. ಪ್ಲಾಸ್ಟಿಕ್ ಟೈ ಬಿಗಿದು ಎಳೆಯೋದು ಬೇಡ, ವೆಲ್ಕ್ರೋ ಬಳಸಿ. ಸಮ ಅಂತರದಲ್ಲಿ ಒತ್ತಿ ಕಟ್ಟಿದ ಟೈಗಳು ಒಂದು ನಿರ್ದಿಷ್ಟ ಆವರ್ತನದಲ್ಲಿ ಪ್ರತಿಫಲನಗಳನ್ನ ಕೂಡಿಸಿಬಿಡ್ತವೆ.

ಹಳೇ ಅನಲಾಗ್ ಪ್ಯಾಚ್ ಪ್ಯಾನಲ್ ಮಾತ್ರ ಉಳಿಸ್ಲೇಬೇಡಿ. 3 ಗಿಗಾಹರ್ಟ್ಸ್‌ಗೆ ರೇಟ್ ಆಗಿರೋದೇ ಬೇಕು. ಮಾನಿಟರ್‌ನಿಂದ ಮಾನಿಟರ್‌ಗೆ ಲೂಪ್ ಹೊಡೆಯೋದನ್ನೂ ಬಿಡಿ, ರೀಕ್ಲಾಕಿಂಗ್ ಡಿಎ (ಸಿಗ್ನಲ್‌ನ ಹೊಸದಾಗಿ ರೂಪಿಸಿ ಹಂಚೋದು) ಹಾಕಿ.

ರಾತ್ರಿಪಾಳಿ_ಎಂಸಿಆರ್:
ಇದಕ್ಕೆ ಪರೀಕ್ಷೆ ಹೇಗೆ ಅಂತ ಸೇರಿಸ್ತೀನಿ. ಬರೀ ಕಲರ್ ಬಾರ್ ಹಾಕಿ ನೋಡಿದ್ರೆ ಎಂಥ ಕೇಬಲ್ಲೂ ಪಾಸಾಗುತ್ತೆ. ಪೆಥಾಲಾಜಿಕಲ್ ಪ್ಯಾಟರ್ನ್ ಹಾಕಿ. ಅದರ ಅರ್ಧ ಭಾಗ ರಿಸೀವರ್‌ನ ಈಕ್ವಲೈಸರ್‌ಗೂ (ಕೇಬಲ್ ನಷ್ಟ ಸರಿಮಾಡೋ ಭಾಗ) ಇನ್ನರ್ಧ ಪಿಎಲ್‌ಎಲ್‌ಗೂ (ಬಿಟ್‌ಗಳ ತಾಳ ಹಿಡಿಯೋ ಭಾಗ) ಅತಿ ಕಷ್ಟದ ಬಿಟ್ ಸಾಲು ಕೊಡುತ್ತೆ. ಆ ತುದೀಲಿ ವೇವ್‌ಫಾರ್ಮ್ ಮಾನಿಟರ್‌ನ ಸಿಆರ್‌ಸಿ (ದತ್ತಾಂಶ ದೋಷ) ಎಣಿಕೆ ಸೊನ್ನೆ ಮಾಡಿ ಪ್ರತಿ ಕೇಬಲ್‌ಗೂ ಕನಿಷ್ಠ 15 ನಿಮಿಷ ಬಿಡಿ. ಒಂದೇ ಒಂದು ಎಣಿಕೆ ಬಂದ್ರೂ ಆ ಕೇಬಲ್ ಫೇಲ್. ಪಾಸಾದ ಮೇಲೂ ಅದೇ ಜಾತಿಯ 10 ಮೀಟರ್ ತುಂಡು ಜೋಡಿಸಿ ಮತ್ತೆ ನೋಡಿ. ಆಗಲೂ ಸೊನ್ನೆ ಇದ್ರೆ ಅಷ್ಟು ಮಿಗಿಲು ಇದೆ ಅಂತ ಅರ್ಥ.

ಸಿಂಕ್‌ಪಲ್ಸ್:
ಸಿಂಕ್ ವಿಷಯಕ್ಕೆ ಬರೋಣ. ಬ್ಲ್ಯಾಕ್ ಬರ್ಸ್ಟ್ ತಗೊಳ್ಳೋ ಎಚ್‌ಡಿ ಸಾಧನಗಳು ಬೇಕಾದಷ್ಟಿವೆ, ಹಾಗಾಗಿ 'ಬೇಕೇ ಬೇಕಾ' ಅಂದ್ರೆ ಇಲ್ಲ. ಆದರೂ ಬ್ಲ್ಯಾಕ್ ಬರ್ಸ್ಟ್, ಎಚ್‌ಡಿಯ ಟ್ರೈ-ಲೆವೆಲ್ ಸಿಂಕ್ ಎರಡನ್ನೂ ಒಟ್ಟಿಗೆ ಕೊಡೋ ಜನರೇಟರ್ 2 ತಗೊಂಡು ನಡುವೆ ಚೇಂಜ್‌ಓವರ್ ಹಾಕಿ. ಬದಲಾವಣೆ ನಡೆಯೋ ತಿಂಗಳುಗಳಲ್ಲಿ ಎಸ್‌ಡಿ, ಎಚ್‌ಡಿ ಎರಡೂ ಜೊತೆಯಲ್ಲಿ ಓಡಬೇಕು, ಎರಡೂ ಒಂದೇ ಮೂಲಕ್ಕೆ ಲಾಕ್ ಆಗಿರಬೇಕು. ಹಳೇ ಜನರೇಟರ್ ಒಂದು ಕಡೆ, ಹೊಸದು ಇನ್ನೊಂದು ಕಡೆ ತಮ್ಮ ಪಾಡಿಗೆ ಓಡಿದ್ರೆ ಫ್ರೇಮ್ ಸಿಂಕ್ರೊನೈಸರ್‌ಗಳು (ಬೇರೆ ತಾಳದ ಚಿತ್ರವನ್ನ ನಮ್ಮ ತಾಳಕ್ಕೆ ಹೊಂದಿಸೋವು) ಆಗಾಗ ಒಂದು ಫ್ರೇಮ್ ನುಂಗ್ತವೆ ಇಲ್ಲಾ ಒಂದನ್ನ ಎರಡು ಸಲ ತೋರಿಸ್ತವೆ. ಅಲ್ಲಾಡದ ಚಿತ್ರದಲ್ಲಿ ಗೊತ್ತಾಗಲ್ಲ, ಓಡೋ ಟಿಕ್ಕರ್‌ನಲ್ಲಿ ಜರ್ಕ್ ಕಣ್ಣಿಗೆ ಹೊಡೆಯುತ್ತೆ.

ರೆಫರೆನ್ಸ್ ಲೈನಲ್ಲಿ ಎಲ್ಲಕ್ಕಿಂತ ಹೆಚ್ಚು ಆಗೋ ತಪ್ಪು ಟರ್ಮಿನೇಶನ್‌ದು. ಬ್ಲ್ಯಾಕ್ ಬರ್ಸ್ಟ್‌ನ ಸಿಂಕ್ 300 ಮಿಲಿವೋಲ್ಟ್ ಇರಬೇಕು. ಕೊನೇಲಿ 75 ಓಮ್ ಹಾಕೋದು ಮರೆತ್ರೆ 600 ತೋರಿಸುತ್ತೆ. ಎರಡು ಕಡೆ ಹಾಕಿದ್ರೆ 200ಕ್ಕೆ ಬೀಳುತ್ತೆ. ಕೆಲವು ಸಾಧನಗಳಿಗೆ ಒಳಗೇ ಟರ್ಮಿನೇಶನ್ ಇರುತ್ತೆ, ಮೆನುವಿನಲ್ಲಿ ಆನ್-ಆಫ್. ಅಲ್ಲಿ ಲೂಪ್ ಔಟ್‌ಗೂ ಟರ್ಮಿನೇಟರ್ ಚುಚ್ಚಿದ್ರೆ 200 ಆಯ್ತು. ಹಳೇದು ಅದನ್ನೂ ಲಾಕ್ ಮಾಡ್ಕೊಳ್ಳುತ್ತೆ, ಹೊಸದು ಒಮ್ಮೆ ಲಾಕ್ ಆಗಿ ಒಮ್ಮೆ ಬಿಡುತ್ತೆ. ದೋಷ ಸ್ವಿಚರ್‌ನಲ್ಲಿದೆ ಅಂತ ಹುಡುಕ್ತಾ ಕೂತ್ರೆ ವಾರ ಹೋಗುತ್ತೆ.

ಐಪಿವಾದಿ:
ಇಷ್ಟೆಲ್ಲಾ ಕೋಆಕ್ಸ್ ಯಾಕೆ ಎಳೀಬೇಕು ಅಂತ ನನ್ನ ಪ್ರಶ್ನೆ. 2017ರಿಂದ ಸಿಂಪ್ಟಿಯ (SMPTE, ಚಲನಚಿತ್ರ-ಟಿವಿ ಎಂಜಿನಿಯರ್‌ಗಳ ಸಂಘ) 2110 ಮಾನದಂಡ ಇದೆ. ವಿಡಿಯೋ, ಆಡಿಯೋ, ಪೂರಕ ದತ್ತಾಂಶ ಬೇರೆಬೇರೆ ಸ್ಟ್ರೀಮ್ ಆಗಿ ನೆಟ್‌ವರ್ಕ್‌ನಲ್ಲಿ ಹೋಗುತ್ತೆ. ಒಂದು ಫೈಬರ್ ಜೋಡಿ ಹತ್ತಾರು ಕೇಬಲ್‌ನ ಕೆಲಸ ಮಾಡುತ್ತೆ. ನಾಳೆ 1080 ಪಿಗೆ ಹೋದ್ರೂ ಕಿತ್ತು ಹಾಕೋದು ಇರಲ್ಲ.

ಸಿಂಕ್‌ಪಲ್ಸ್:
ಗುರು, 32×32 ರೂಟರ್‌ನ ಜಾಗಕ್ಕೆ 2110 ಹಾಕಿಸ್ತೀಯಾ? ಒಂದು 1080 ಐ 50ರ ಚಿತ್ರಭಾಗವೇ 1.04 ಗಿಗಾಬಿಟ್. 10 ಗಿಗಾಬಿಟ್ ಪೋರ್ಟ್‌ನಲ್ಲಿ ಹೆಡರ್, ಮಿಗಿಲು ಕಳೆದು 8 ಹಿಡಿಸುತ್ತೆ ಅಂತಿಟ್ಕೋ. ಅದರ ಜೊತೆಗೆ ಪಿಟಿಪಿ ಗ್ರ್ಯಾಂಡ್‌ಮಾಸ್ಟರ್ (ಜಾಲದ ಮುಖ್ಯ ಗಡಿಯಾರ), ಬೌಂಡರಿ ಕ್ಲಾಕ್ (ಆ ಸಮಯವನ್ನ ಮುಂದಕ್ಕೆ ದಾಟಿಸೋದು) ಮಾಡಬಲ್ಲ ಸ್ವಿಚ್, ಮಲ್ಟಿಕಾಸ್ಟ್‌ಗೆ ಐಜಿಎಂಪಿ ಕ್ವೆರಿಯರ್ (ಯಾವ ಸ್ಟ್ರೀಮ್ ಯಾರಿಗೆ ಬೇಕು ಅಂತ ಕೇಳ್ತಾ ಇರೋದು), ಒಂದು ದಾರಿ ಬಿದ್ರೆ ಇನ್ನೊಂದಕ್ಕೆ ಅಂತ ಎರಡು ಬೇರೆ ಜಾಲ, ಇವೆಲ್ಲಾ ಬೇಕು. ರಾತ್ರಿ 2 ಗಂಟೆಗೆ ಚಿತ್ರ ಹೋದ್ರೆ ಎಸ್‌ಡಿಐನಲ್ಲಿ ಕೇಬಲ್ ಕಿತ್ತು ಇನ್ನೊಂದಕ್ಕೆ ಚುಚ್ಚಬಹುದು. ಐಪಿಯಲ್ಲಿ ಕ್ವೆರಿಯರ್ ಸತ್ತಿದೆ ಅಂತ ಪತ್ತೆ ಹಚ್ಚೋರು ಆ ಪಾಳಿಯಲ್ಲಿ ಇರಬೇಕಲ್ಲ.

ಐಪಿವಾದಿ:
ಪಾಳಿಯ ಮಾತು ಒಪ್ಪಿದೆ. ಆದರೂ ಕಟ್ಟಡದ ಒಂದು ಮೂಲೆಯಿಂದ ಇನ್ನೊಂದಕ್ಕೆ 70 ಮೀಟರ್ ದಾಟೋ ಕಡೆಯೆಲ್ಲಾ ಸಿಂಗಲ್ ಮೋಡ್ ಫೈಬರ್ ಹಾಕಿಡಿ. ಬಳಸೋದಕ್ಕಿಂತ ದುಪ್ಪಟ್ಟು ಕೋರ್ ಇರಲಿ. ಇವತ್ತು ಎಸ್‌ಡಿಐ-ಫೈಬರ್ ಕನ್ವರ್ಟರ್ ಇಟ್ಟು ಓಡಿಸಿ, ನಾಳೆ ಅದೇ ಫೈಬರ್ ಐಪಿಗೂ ಆಗುತ್ತೆ.

ಪರದೆಹಿಂದೆ:
ಫೈಬರ್ ಸಲಹೆ ಬರ್ಕೊಂಡೆ. ಎಸ್‌ಡಿಐನಲ್ಲೇ ಇರ್ತೀವಿ. 1080 ಐ, 720 ಪಿ ಬಗ್ಗೆ ಯಾರೂ ಹೇಳ್ಲಿಲ್ಲ.

ಮೂರನೇಕ್ಯಾಮೆರಾ:
ಆಟೋಟ ಜಾಸ್ತಿ ತೋರಿಸೋದಾದ್ರೆ 720 ಪಿ. ಸೆಕೆಂಡಿಗೆ 50 ಪೂರ್ತಿ ಚಿತ್ರ, ಚೆಂಡು ಬಾಚಣಿಗೆ ಹಲ್ಲಿನ ಥರ ಸೀಳಿ ಕಾಣಲ್ಲ. ಅಮೆರಿಕದಲ್ಲಿ ಎಬಿಸಿ, ಫಾಕ್ಸ್ ಆರಿಸಿದ್ದು 720 ಪಿ. ಸಿಬಿಎಸ್, ಎನ್‌ಬಿಸಿ 1080 ಐ.

ರಾತ್ರಿಪಾಳಿ_ಎಂಸಿಆರ್:
ಸ್ಥಳೀಯ ಚಾನೆಲ್‌ಗೆ ಉತ್ತರ ಹೊರಗಡೆ ಇದೆ. ಬರೋ ಫೀಡ್‌ಗಳು ಯಾವುದರಲ್ಲಿ ಬರ್ತವೆ, ಕೇಬಲ್ ಮತ್ತು ಡಿಟಿಎಚ್‌ನವರು ಯಾವುದು ಕೇಳ್ತಾರೆ, ಮೊದಲು ಅದನ್ನ ಲಿಖಿತವಾಗಿ ತಗೊಳ್ಳಿ. ಒಳಗೆ ಒಂದೇ ಫಾರ್ಮ್ಯಾಟ್ ಇರಲಿ, ಬದಲಾವಣೆ ಏನಿದ್ರೂ ಬಾಗಿಲಲ್ಲೇ ಆಗಲಿ: ಹೊರಗಿನಿಂದ ಬರೋದನ್ನ ಒಳಗೆ ತಗೊಳ್ಳುವಾಗ ಒಂದು ಸಲ, ಹೊರಗೆ ಕಳಿಸುವಾಗ ಒಂದು ಸಲ. 1080 ಐನಿಂದ 720 ಪಿಗೆ, ಮತ್ತೆ ವಾಪಸ್ 1080 ಐಗೆ ಹೋದ ಚಿತ್ರದಲ್ಲಿ ಎರಡರ ಕೆಟ್ಟದ್ದೂ ಸೇರಿರುತ್ತೆ. ಹೆಚ್ಚಿನ ಕಡೆ ಉತ್ತರ 1080 ಐ 50 ಅಂತಲೇ ಬರುತ್ತೆ. ರೂಟರ್, ಕೇಬಲ್, ಪ್ಯಾಚ್ ಮಾತ್ರ 3 ಜಿ ತಡೆಯೋದೇ ಇರಲಿ.

ಟೇಪುಲೈಬ್ರರಿ:
ಬಾಗಿಲು ಅಂದಿದ್ದಕ್ಕೆ ಒಂದು ಮಾತು: ಎಸ್‌ಡಿಯನ್ನ ಎಚ್‌ಡಿ ಮಾಡುವಾಗ ಬಣ್ಣದ ಲೆಕ್ಕವೂ ಬದಲಾಗಬೇಕು. ಎಸ್‌ಡಿಯದ್ದು ಬಿಟಿ.601 ಮಾನದಂಡ, ಎಚ್‌ಡಿಯದ್ದು ಬಿಟಿ.709. ಅಗ್ಗದ ಕನ್ವರ್ಟರ್, ಕೆಲವು ಎಡಿಟಿಂಗ್ ಸಾಫ್ಟ್‌ವೇರ್ ಗಾತ್ರ ಮಾತ್ರ ಹಿಗ್ಗಿಸಿ ಇದನ್ನ ಬಿಟ್ಟುಬಿಡ್ತವೆ. ಆಗ ಕೆಂಪು ಸ್ವಲ್ಪ ಕಿತ್ತಳೆಗೆ ವಾಲುತ್ತೆ, ಹಸಿರು ಸ್ವಲ್ಪ ಗಾಢವಾಗುತ್ತೆ, ಮುಖದ ಬಣ್ಣ ಎರಡು ಕ್ಲಿಪ್ ನಡುವೆ ಜಿಗಿಯುತ್ತೆ. ಎಸ್‌ಡಿ ಬಾರ್ ಒಳಗೆ ಕೊಟ್ಟು, ಹೊರಗೆ ಬಂದ ಎಚ್‌ಡಿಯನ್ನ ವೆಕ್ಟರ್‌ಸ್ಕೋಪ್‌ನಲ್ಲಿ ನೋಡಿ. ಚುಕ್ಕಿಗಳು ಚೌಕದೊಳಗೆ ಕೂರದಿದ್ರೆ ಇದೇ ಕಾರಣ.

ಫೀಲ್ಡ್ ಕ್ರಮವೂ ನೋಡ್ಕೊಳ್ಳಿ. 1080 ಐಗೆ ಮೇಲಿನ ಫೀಲ್ಡ್ ಮೊದಲು, ಡಿವಿ ಕ್ಲಿಪ್‌ಗೆ ಕೆಳಗಿನದು ಮೊದಲು. ಟೈಮ್‌ಲೈನ್‌ನಲ್ಲಿ ತಪ್ಪಿದ್ರೆ ನಡೆಯೋ ಮನುಷ್ಯ ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಇಟ್ಟ ಹಾಗೆ ನಡುಗ್ತಾನೆ.

ಪರದೆಹಿಂದೆ:
ಟೇಪುಲೈಬ್ರರಿ ಸರ್, ಹಾಗಾದ್ರೆ ಹಳೇ ಸಂಗ್ರಹನ ಪೂರ್ತಿ ಎಚ್‌ಡಿ ಮಾಡಿ ಇಟ್ಬಿಡೋದಾ?

ಟೇಪುಲೈಬ್ರರಿ:
ಬೇಡ ಸರ್, ದಯವಿಟ್ಟು ಬೇಡ. ಮೂಲ ಎಸ್‌ಡಿಯನ್ನ 4:3ರಲ್ಲಿ, ಇಂಟರ್‌ಲೇಸ್ಡ್ ಆಗಿ, ಹೇಗಿದೆಯೋ ಹಾಗೇ ಉಳಿಸಿ. ಪ್ರಸಾರಕ್ಕೆ ಬೇಕಾದಾಗ ಹಿಗ್ಗಿಸಿ. ಹಿಗ್ಗಿಸೋ ಯಂತ್ರ ವರ್ಷ ವರ್ಷ ಉತ್ತಮ ಆಗುತ್ತೆ, ಇವತ್ತು ಸುಟ್ಟು ಕೂರಿಸಿದ ಡಿಇಂಟರ್‌ಲೇಸ್ ದೋಷ ಮತ್ತೆ ಹೋಗಲ್ಲ. ಟೇಪ್‌ನಿಂದ ತೆಗೆಯುವಾಗ ಡೆಕ್‌ನಲ್ಲಿ ಎಸ್‌ಡಿಐ ಇಲ್ಲಾ ಕಾಂಪೊನೆಂಟ್ ಔಟ್ ಇದ್ರೆ ಅದನ್ನೇ ಬಳಸಿ. ಕಾಂಪೋಸಿಟ್ ತಗೊಂಡ್ರೆ ಬಣ್ಣದ ಅಂಚಿನಲ್ಲಿ ತೆವಳೋ ಚುಕ್ಕಿಗಳು ಫೈಲ್‌ನೊಳಗೇ ಸೇರ್ಕೊಳ್ತವೆ.

4:3ನ 16:9ಕ್ಕೆ ಎಳೆದು ಮುಖ ಅಗಲ ಮಾಡಿ ತೋರಿಸೋದಂತೂ ಯಾವತ್ತೂ ಬೇಡ. 1440×1080 ಮಧ್ಯದಲ್ಲಿಟ್ಟು ಎಡಬಲ 240 ಪಿಕ್ಸೆಲ್ ಖಾಲಿ ಬಿಡಿ.

ಟಿಕ್ಕರ್‌ಪಟ್ಟಿ:
ಗ್ರಾಫಿಕ್ಸ್‌ನಲ್ಲೂ ಅದೇ 240 ಪಿಕ್ಸೆಲ್ ಕಾಡುತ್ತೆ. ಎಸ್‌ಡಿ ವೀಕ್ಷಕರಿಗೆ ಮಧ್ಯ ಕತ್ತರಿಸಿ ಕಳಿಸೋವರೆಗೂ ಲೋಗೋ, ಗಡಿಯಾರ, ಹೆಸರುಪಟ್ಟಿ ಆ ಗೆರೆಯೊಳಗೇ ಇರಬೇಕು. ಪೂರ್ತಿ 16:9 ಆದ ಮೇಲೆ ಅಕ್ಷರಗಳನ್ನ ಪ್ರತಿ ಅಂಚಿನಿಂದ 5 ಪ್ರತಿಶತ ಒಳಗೆ ಇಟ್ಟರೆ ಸಾಕು. ಹಳೇ ಲೋಗೋ ಫೈಲ್‌ನ ಸುಮ್ಮನೆ ಹಿಗ್ಗಿಸಬೇಡಿ. 720×576ರ ಪಿಕ್ಸೆಲ್ ಚೌಕವಲ್ಲ, ವೃತ್ತ ಮೊಟ್ಟೆ ಆಗುತ್ತೆ. ಮೂಲ ವೆಕ್ಟರ್‌ನಿಂದ ಮತ್ತೆ ಮಾಡಿಸಿ.

ಕನ್ನಡದ ಟಿಕ್ಕರ್‌ಗೆ ವಿಶೇಷವಾಗಿ: ಹಳೇ ಸಿಜಿಯಲ್ಲಿ (ಪರದೆ ಮೇಲೆ ಅಕ್ಷರ ಹಾಕೋ ಯಂತ್ರ) ಟೈಪ್ ಮಾಡಿಟ್ಟ ಆಸ್ಕಿ ಫಾಂಟ್‌ನ ಪಠ್ಯ ಹೊಸ ಯೂನಿಕೋಡ್ ಸಿಜಿಗೆ ಹಾಗೇ ಬರಲ್ಲ, ಪರಿವರ್ತಿಸಿ ಒಂದೊಂದು ಟೆಂಪ್ಲೇಟೂ ಓದಿ ನೋಡಬೇಕು. ಖರೀದಿಗೆ ಮುಂಚೆ ಡೆಮೋದಲ್ಲಿ 'ರಾಷ್ಟ್ರೀಯ', 'ಸ್ವಾತಂತ್ರ್ಯ', 'ಅರ್ಕಾವತಿ' ಟೈಪ್ ಮಾಡಿಸಿ. ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿ ಕೂಡದಿದ್ರೆ ಆ ಸಿಜಿ ಬೇಡ. ಪಟ್ಟಿಯ ಎತ್ತರವನ್ನ ಇಂಗ್ಲಿಷ್ ಅಕ್ಷರ ನೋಡಿ ಇಟ್ಟಿದ್ರೆ ಒತ್ತುಗಳ ಬುಡ ಕತ್ತರಿಸಿಹೋಗುತ್ತೆ. ಅಕ್ಷರದ ಅಡ್ಡ ಗೆರೆಗಳು ಕನಿಷ್ಠ 3 ಸಾಲು ದಪ್ಪ ಇರಲಿ. 1 ಸಾಲಿನ ಗೆರೆ ಒಂದೇ ಫೀಲ್ಡ್‌ನಲ್ಲಿ ಬಂದು ತಲಕಟ್ಟು ಮಿಣಮಿಣ ಅನ್ನುತ್ತೆ.

ಮೂರನೇಕ್ಯಾಮೆರಾ:
ಕ್ಯಾಮೆರಾ ಬಗ್ಗೆ: ಮೌಂಟ್ ಒಂದೇ ಅಂತ ಹಳೇ ಎಸ್‌ಡಿ ಲೆನ್ಸ್‌ನ ಎಚ್‌ಡಿ ಬಾಡಿಗೆ ಹಾಕೋ ಆಸೆ ಎಲ್ಲರಿಗೂ ಬರುತ್ತೆ. ಕೂರುತ್ತೆ, ಚಿತ್ರವೂ ಬರುತ್ತೆ. ಬಿಳಿ ಕಾಲರ್, ಕಪ್ಪು ಕೋಟು ಸೇರೋ ಗೆರೆ ನೋಡಿ, ಒಂದು ಪಕ್ಕ ನೇರಳೆ ಇನ್ನೊಂದು ಪಕ್ಕ ಹಸಿರು ಅಂಚು. ಫ್ರೇಮ್‌ನ ಮೂಲೆಗಳು ಮಸುಕು. ಲೆನ್ಸ್ ಬದಲಿಸದೆ ಕ್ಯಾಮೆರಾ ಬದಲಿಸಿ ಪ್ರಯೋಜನ ಇಲ್ಲ. ಬ್ಯಾಕ್ ಫೋಕಸ್‌ನ (ಲೆನ್ಸ್-ಸೆನ್ಸರ್ ನಡುವಿನ ಹೊಂದಾಣಿಕೆಯನ್ನ), ಐರಿಸ್ ಪೂರ್ತಿ ತೆರೆದು ಸೀಮೆನ್ಸ್ ಸ್ಟಾರ್ ಚಾರ್ಟ್ ಇಟ್ಟು ಹೊಂದಿಸಿ, ಝೂಮ್‌ನ ಎರಡೂ ತುದಿ ನೋಡಿ, 2-3 ಸಲ ಮಾಡಿದ್ರೆ ಕೂರುತ್ತೆ. ಬೆಳಕು ಜಾಸ್ತಿ ಅಂತ ಎಫ್ 8 ದಾಟಿ ಐರಿಸ್ ಮುಚ್ಚಬೇಡಿ, ವಿವರ್ತನೆಯಿಂದ ಚಿತ್ರ ಮೆತ್ತಗಾಗುತ್ತೆ. ಎನ್‌ಡಿ ಫಿಲ್ಟರ್ ಹಾಕಿ.

ಟ್ರಯಾಕ್ಸ್ ಬದಲು ಹೈಬ್ರಿಡ್ ಫೈಬರ್ ಕೇಬಲ್ ಬಂದ್ರೆ ನೆಲದ ಮೇಲೆ ಬಿಚ್ಚಿಟ್ಟ ಕನೆಕ್ಟರ್‌ಗೆ ಮುಚ್ಚಳ ಹಾಕೋದು ಎಲ್ಲರಿಗೂ ಅಭ್ಯಾಸ ಆಗಬೇಕು. ಅದರೊಳಗಿನ 2 ಸಿಂಗಲ್ ಮೋಡ್ ಎಳೆಗಳ ಕೋರ್ 9 ಮೈಕ್ರಾನ್ ಆಸುಪಾಸು, ಒಂದು ಧೂಳಿನ ಕಣ ಸಾಕು ದಾರಿ ಮುಚ್ಚೋಕೆ. ಬೆರಳಲ್ಲಿ ಒರೆಸಬೇಡಿ, ಊದಬೇಡಿ, ಅದರದ್ದೇ ಕ್ಲೀನರ್ ಬಳಸಿ.

ಕಿವಿಗೊಡಿ:
ಇಷ್ಟುದ್ದ ಚರ್ಚೇಲಿ ಆಡಿಯೋ ಸೊಲ್ಲೇ ಇಲ್ಲ! ವೀಕ್ಷಕರಿಂದ ಮೊದಲ ದೂರು ಬರೋದು ತುಟಿಗೂ ಮಾತಿಗೂ ಹೊಂದಲ್ಲ ಅಂತಲೇ. ಪ್ರತಿ ಫ್ರೇಮ್ ಸಿಂಕ್, ಪ್ರತಿ ಕನ್ವರ್ಟರ್ ಚಿತ್ರವನ್ನ 1 ಫ್ರೇಮ್, ಅಂದ್ರೆ 40 ಮಿಲಿಸೆಕೆಂಡ್ ಹಿಂದಕ್ಕೆ ತಳ್ಳುತ್ತೆ. ಮಾತು ಅನಲಾಗ್ ಮಿಕ್ಸರ್‌ನಿಂದ ನೇರ ಬಂದ್ರೆ ಮುಂದೆ ಓಡಿಬಿಡುತ್ತೆ. ಇಬಿಯು (ಯುರೋಪಿನ ಪ್ರಸಾರಕರ ಒಕ್ಕೂಟ) ಒಟ್ಟಾರೆ ಮಿತಿ ಅಂತ ಹೇಳಿರೋದು ಮಾತು ಮುಂದೆ 40, ಹಿಂದೆ 60 ಮಿಲಿಸೆಕೆಂಡ್. ಅಂದ್ರೆ 2 ಪೆಟ್ಟಿಗೆ ದಾಟಿದ್ರೇ ಮಿತಿ ಮೀರಿತು. ಲೈಟ್ ಮಿಂಚಿ ಬೀಪ್ ಬರೋ ಸಿಗ್ನಲ್‌ನ ಕ್ಯಾಮೆರಾ ಮುಂದೆ ಇಟ್ಟು, ಸ್ವಿಚರ್ ಔಟ್, ಎಂಸಿಆರ್ ಔಟ್, ಎನ್‌ಕೋಡರ್ ಆಚೆಯ ರಿಸೀವರ್ ಔಟ್ ಮೂರು ಕಡೆ ಅಳೆಯಿರಿ. ಎಲ್ಲಿ ತಪ್ಪಿದೆಯೋ ಅಲ್ಲೇ ಡಿಲೇ ಹಾಕಿ. ಗೋಡೆಯ ಎಲ್‌ಸಿಡಿ, ಮಲ್ಟಿವ್ಯೂವರ್ ನೋಡಿ ಹೊಂದಿಸಬೇಡಿ, ಅವಕ್ಕೇ 1-2 ಫ್ರೇಮ್ ವಿಳಂಬ ಇರುತ್ತೆ.

ಲೆವೆಲ್: ಇಬಿಯು ಪದ್ಧತಿಯಲ್ಲಿ ಲೈನ್‌ಅಪ್ ಟೋನ್ (ಲೆವೆಲ್ ಹೊಂದಿಸೋ ಪರೀಕ್ಷಾ ಸ್ವರ) ಮೈನಸ್ 18 ಡಿಬಿಎಫ್‌ಎಸ್ (ಡಿಜಿಟಲ್ ಗರಿಷ್ಠಕ್ಕಿಂತ 18 ಡಿಬಿ ಕೆಳಗೆ), ಸಿಂಪ್ಟಿಯದ್ದು ಮೈನಸ್ 20. ಅರ್ಧ ಸಾಧನ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ ಇದ್ರೆ ಕಾರಣವೇ ತಿಳಿಯದೆ ಅಲ್ಲಲ್ಲಿ 2 ಡಿಬಿ ಏರುಪೇರು. ಒಂದನ್ನ ಆರಿಸಿ ಬರೆದು ರ‍್ಯಾಕ್‌ಗೆ ಅಂಟಿಸಿ. ಅಂತಿಮ ಲೌಡ್‌ನೆಸ್ ಇಬಿಯು ಆರ್ 128ರ ಪ್ರಕಾರ ಮೈನಸ್ 23 ಎಲ್‌ಯುಎಫ್‌ಎಸ್ (ಕಿವಿಗೆ ಕೇಳೋ ಸರಾಸರಿ ಜೋರಿನ ಅಳತೆ), ಟ್ರೂ ಪೀಕ್ ಮೈನಸ್ 1. ಜಾಹೀರಾತನ್ನ ಇಂಜೆಸ್ಟ್‌ನಲ್ಲೇ (ಸರ್ವರ್‌ಗೆ ತುಂಬುವಾಗಲೇ) ಅಳೆದು ಸರಿಮಾಡಿ, ಪ್ರಸಾರದ ಪ್ರೊಸೆಸರ್ ಮೇಲೆ ಭಾರ ಹಾಕಬೇಡಿ.

ಇನ್ನೊಂದು ಮರೆಯೋ ಹಾಗಿಲ್ಲ. ಹೊರಗಿನ ವರದಿಗಾರರು ಟಿವಿ ಪ್ರಸಾರದ ಧ್ವನಿಯನ್ನೇ ಕಿವಿಗೆ ಹಾಕ್ಕೊಳ್ಳೋದು ಅನಲಾಗ್ ಕಾಲಕ್ಕೆ ಮುಗೀತು. ಎನ್‌ಕೋಡರ್ ದಾಟಿದ ಧ್ವನಿ ಸೆಕೆಂಡುಗಟ್ಟಲೆ ತಡ, ತಮ್ಮ ಮಾತೇ ಪ್ರತಿಧ್ವನಿಯಾಗಿ ನಾಲಿಗೆ ತೊದಲುತ್ತೆ. ಮಿಕ್ಸರ್‌ನಿಂದ ಅವರ ಧ್ವನಿ ಕಳೆದ ಮಿಕ್ಸ್ ಮೈನಸ್ ಬೇರೆ ಕಳಿಸಬೇಕು. ಹೊಸ ಕನ್ಸೋಲ್ ತಗೊಳ್ಳುವಾಗ ಅಂಥ ಬಸ್ ಕನಿಷ್ಠ 4 ಇದೆಯಾ ನೋಡಿ.

ತಂಪುಕೋಣೆ:
ಶಾಖದ ಲೆಕ್ಕ ಯಾರಾದ್ರೂ ಮಾಡಿದ್ರಾ? ರ‍್ಯಾಕ್ ತಗೊಳ್ಳೋ ಪ್ರತಿ ವ್ಯಾಟ್ ಶಾಖ ಆಗಿ ಕೋಣೆಗೇ ಬರುತ್ತೆ. ಎಸಿಯ 1 ಟನ್ ಅಂದ್ರೆ 3.5 ಕಿಲೋವ್ಯಾಟ್. ಎಸ್‌ಡಿ, ಎಚ್‌ಡಿ ಎರಡೂ ಓಡೋ ತಿಂಗಳುಗಳಲ್ಲಿ ಹೊರೆ ಅತಿ ಹೆಚ್ಚು. 10 ಕಿಲೋವ್ಯಾಟ್ ಇದ್ರೆ 3 ಟನ್ ಓಡ್ತಿರಬೇಕು, ಅದು ಕೆಟ್ರೆ ಇನ್ನೊಂದು 3 ಟನ್ ಪಕ್ಕದಲ್ಲಿ ತಯಾರಿರಬೇಕು. ಯುಪಿಎಸ್ ಕೂಡ ಆ ಜೋಡಿ ಹೊರೆಗೇ ಲೆಕ್ಕ ಹಾಕಿ.

ಪರದೆಹಿಂದೆ:
ಇದು ಪಟ್ಟಿಯಲ್ಲೇ ಇರಲಿಲ್ಲ, ಧನ್ಯವಾದ. ಸ್ಟೋರೇಜ್ ಎಷ್ಟು ಇಡೋದು?

ಐಪಿವಾದಿ:
50 ಮೆಗಾಬಿಟ್ 4:2:2 ಎಂಪೆಗ್-2 ತಗೊಂಡ್ರೆ ಗಂಟೆಗೆ ಚಿತ್ರ 22.5 ಜಿಬಿ. 24 ಬಿಟ್‌ನ 8 ಆಡಿಯೋ ಸೇರಿ ಸುಮಾರು 27 ಜಿಬಿ. ಈಗಿನ ಡಿವಿಗೆ 13ರ ಆಸುಪಾಸು ಹೋಗ್ತಿರಬೇಕು, ಅಂದ್ರೆ ದುಪ್ಪಟ್ಟು. ದಿನಕ್ಕೆ 10 ಗಂಟೆ ಇಂಜೆಸ್ಟ್, 30 ದಿನ ಆನ್‌ಲೈನ್ ಅಂದ್ರೆ 8.1 ಟಿಬಿ. ಡಿಸ್ಕ್ 80 ಪ್ರತಿಶತ ದಾಟದ ಹಾಗೆ ಇಡೋಕೆ ಬಳಸಬಹುದಾದ ಜಾಗ 10 ಟಿಬಿಗಿಂತ ಸ್ವಲ್ಪ ಜಾಸ್ತಿ ಬೇಕು, ರೇಡ್‌ನ (ಒಂದು ಡಿಸ್ಕ್ ಕೆಟ್ರೂ ದತ್ತಾಂಶ ಉಳಿಸೋ ವ್ಯವಸ್ಥೆ) ಪಾಲು ಅದರ ಮೇಲೆ. ಎಡಿಟ್ ಮಷಿನ್‌ಗೆ 1 ಗಿಗಾಬಿಟ್ ಸಾಕು, ಸರ್ವರ್‌ಗೆ 10 ಗಿಗಾಬಿಟ್ ಕೊಡಿ.

ಪರದೆಹಿಂದೆ:
ಕೊನೇ ಪ್ರಶ್ನೆ. ಎಸ್‌ಡಿ ಔಟ್‌ಪುಟ್ ಕೆಲಕಾಲ ಜೊತೇಲಿ ಓಡುತ್ತೆ. ಹಳೇ 4:3 ಕ್ಲಿಪ್ ಪ್ಲೇ ಆದಾಗ ಎಸ್‌ಡಿಯಲ್ಲಿ ನಾಲ್ಕೂ ಕಡೆ ಕಪ್ಪು ಬಂದು ಚಿತ್ರ ಅಂಚೆಚೀಟಿ ಥರ ಆಗುತ್ತಲ್ಲ?

ರಾತ್ರಿಪಾಳಿ_ಎಂಸಿಆರ್:
ಅದಕ್ಕೇ ಎಎಫ್‌ಡಿ (ಚಿತ್ರದ ಆಕಾರ ಹೇಳೋ, ಸಿಗ್ನಲ್ ಜೊತೆ ಹೋಗೋ ಸಂಕೇತ). ಕ್ಲಿಪ್ ಇಂಜೆಸ್ಟ್ ಮಾಡುವಾಗಲೇ ಸಂಕೇತ ಹಾಕಿ: ಎಡಬಲ ಖಾಲಿ ಇರೋ 4:3ಕ್ಕೆ 9, ಪೂರ್ತಿ 16:9ಕ್ಕೆ 10, ಮಧ್ಯ ಕತ್ತರಿಸಬಹುದಾದ 16:9ಕ್ಕೆ 15. ಡೌನ್‌ಕನ್ವರ್ಟರ್ ಅದನ್ನ ಓದಿ 9 ಬಂದಾಗ ಪಕ್ಕಗಳನ್ನ ಕತ್ತರಿಸಿ ಪೂರ್ತಿ 4:3 ಕೊಡುತ್ತೆ, 10ಕ್ಕೆ ಮೇಲೆ ಕೆಳಗೆ ಕಪ್ಪು ಬಿಡುತ್ತೆ. ಆದರೆ ನಡುವಿನ ಯಾವ ಪೆಟ್ಟಿಗೆಯೂ ಈ ಪೂರಕ ದತ್ತಾಂಶವನ್ನ ಉದುರಿಸಬಾರದು. ಸ್ವಿಚರ್, ಲೋಗೋ ಇನ್ಸರ್ಟರ್, ಫ್ರೇಮ್ ಸಿಂಕ್ ಒಂದೊಂದರ ಔಟ್‌ಪುಟ್‌ನಲ್ಲೂ ಎಎಫ್‌ಡಿ ಇದೆಯಾ ಅಂತ ಪ್ರತ್ಯೇಕ ನೋಡಿ. ಲೋಗೋ ಇನ್ಸರ್ಟರ್‌ನಲ್ಲೇ ಹೆಚ್ಚಾಗಿ ಕಳೆದುಹೋಗೋದು.

ಬದಲಾಯಿಸೋ ದಿನಕ್ಕೆ: ಎನ್‌ಕೋಡರ್ ಮುಂದೆ ಕರೆಂಟ್ ಹೋದ್ರೂ ತಾನೇ ದಾರಿ ಬಿಡೋ ಬೈಪಾಸ್ ರಿಲೇ ಇಡಿ, ಅದರ ಬೈಪಾಸ್ ಕಡೆ ಹಳೇ ಸರಪಳಿಯನ್ನ ಹಿಗ್ಗಿಸಿ ಕೊಟ್ಟಿರಿ. ಹೊಸ ಸರಪಳಿ ಅದೇ ವೇಳಾಪಟ್ಟಿ ಹಿಡಿದು ಕನಿಷ್ಠ 2 ವಾರ ನೆರಳಿನಂತೆ ಓಡಲಿ, ಅದರ ಔಟ್‌ಪುಟ್ ರೆಕಾರ್ಡ್ ಆಗಲಿ. ಬದಲಾದ ಮೇಲೆ ಹಳೇ ಸಿಂಕ್ ಜನರೇಟರ್‌ನ ಪವರ್ ತಕ್ಷಣ ತೆಗೀಬೇಡಿ. ಅದರ ಡಿಎಯ ಒಂದೊಂದು ಔಟ್ ಕಿತ್ತು, ಏನು ಲಾಕ್ ಬಿಡ್ತು ಅಂತ ನೋಡಿ, ಚೀಟಿ ಅಂಟಿಸಿ ಮುಂದಕ್ಕೆ ಹೋಗಿ. ಮಾಸ್ಟರ್ ಗಡಿಯಾರವೋ ಫೋನ್-ಇನ್ ಪೆಟ್ಟಿಗೆಯೋ ಅದಕ್ಕೇ ಜೋತುಬಿದ್ದಿರುತ್ತೆ.